ಮೇಳದ ಏಳು ಪಾಲು

ನಮ್ಮ ಮೇಳದ ದರ ಒಂದೇ ಒಂದು ಫೋನಿನಲ್ಲಿ ಎರಡು ಪಟ್ಟು ದಾಟಿತು. ಅವತ್ತು ನಾನು ಮುಳಬಾಗಿಲಿನಲ್ಲಿ ಮಾವನ ಮನೆಯ ಜಗಲಿ ಮೇಲೆ ಕೂತು, ಬಲಗೈ ಬೆರಳುಗಳಿಗೆ ಬಟ್ಟೆ ಪಟ್ಟಿ ಸುತ್ತಿ, ಅದರ ಮೇಲೆ ಮೈದಾ ಅಂಟು ಬಳಿದುಕೊಳ್ಳುತ್ತಿದ್ದೆ. ಡೋಲು ಬಾರಿಸುವವರ ಬೆರಳಿಗೆ ಈ ಟೋಪಿ ಇಲ್ಲದಿದ್ದರೆ ಒಂದು ಮದುವೆ ಮುಗಿಯುವುದರೊಳಗೆ ಚರ್ಮ ಕಿತ್ತು ಬರುತ್ತದೆ. ಅಂಟು ಒಣಗಿ ಗಟ್ಟಿಯಾಗುವವರೆಗೆ ಬೆರಳು ಅಗಲಿಸಿಕೊಂಡು ಸುಮ್ಮನೆ ಕೂರಬೇಕು, ಬೇರೆ ಯಾವ ಕೆಲಸವೂ ಆಗುವುದಿಲ್ಲ. ಹಾಗಾಗಿ ಮಾವ ಸ್ಪೀಕರ್ ಹಾಕಿಕೊಂಡು ಫೋನಿನಲ್ಲಿ ಆಡಿದ ಪ್ರತಿಯೊಂದು ಮಾತೂ ನನಗೆ ಕೇಳಿಸಿತು.

ಕೋಲಾರದ ಹೈವೇ ಪಕ್ಕ ಹೊಸದಾಗಿ ಎದ್ದಿದ್ದ ಒಂದು ಕನ್ವೆನ್ಷನ್ ಹಾಲ್. ಅಲ್ಲಿನ ಮದುವೆಗಳನ್ನು ನೋಡಿಕೊಳ್ಳುವ ಈವೆಂಟ್ ಮೇಡಂ ಫೋನ್ ಮಾಡಿದ್ದರು. "ನಾಗಸ್ವರ ಸೆಟ್‌ಗೆ ಎಷ್ಟಾಗತ್ತೆ ಸರ್?" ಎಂದರು. ಆಗ ನಮ್ಮದು ಒಂದು ಮದುವೆಗೆ ಏಳು ಸಾವಿರ. ಮಾವ ಹತ್ತು ಅಂತ ಕೇಳಿ ಎಂಟಕ್ಕೆ ಇಳಿಯುವ ಅಂದಾಜಿನಲ್ಲಿದ್ದರು. ಆದರೆ ಇಂಗ್ಲಿಷ್ ಬೆರೆಸಿ ಮಾತಾಡುವವರ ಮುಂದೆ ಮಾವನಿಗೆ ಗಂಟಲು ಕಟ್ಟುತ್ತದೆ. ಕೆಮ್ಮಿದರು, ಉಗುಳು ನುಂಗಿದರು, ಬಾಯಿಂದ "ಹದಿನೈದು" ಅಂತ ಬಂದುಬಿಟ್ಟಿತು. "ಓಕೆ ಸರ್, ಡೇಟ್ ವಾಟ್ಸಪ್ ಮಾಡ್ತೀನಿ" ಎಂದು ಮೇಡಂ ಫೋನ್ ಇಟ್ಟೇಬಿಟ್ಟರು. ಚೌಕಾಸಿ ಇಲ್ಲ, ಒಂದು ಮಾತಿಲ್ಲ. ಮಾವನ ಮುಖ ಹುಳ್ಳಗಾಯಿತು. "ಥೂ, ಇಪ್ಪತ್ತು ಅನ್ಬೇಕಾಗಿತ್ತು ಕಣೋ" ಎಂದು ಅವತ್ತು ಮಧ್ಯಾಹ್ನ ಮುದ್ದೆಯನ್ನೂ ನೆಟ್ಟಗೆ ಉಣ್ಣಲಿಲ್ಲ.

ಈ ಮಾವ ನನ್ನ ತಾಯಿಯ ತಮ್ಮ, ನನ್ನ ಹೆಂಡತಿಯ ಅಪ್ಪ, ನಮ್ಮ ಮೇಳದ ಯಜಮಾನ. ಅಂದರೆ ಮೂರು ಕಡೆಯಿಂದ ನಾನು ಅವರಿಗೆ ತಲೆ ಬಗ್ಗಿಸಬೇಕಾದವನು, ಒಂದು ಕಡೆಯಿಂದಲೂ ಬಗ್ಗಿಸುವ ಅಭ್ಯಾಸ ಇಲ್ಲದವನು. ಮಾವ ಮುಖ್ಯ ನಾಗಸ್ವರ, ಅವರ ಮಗ, ಅಂದರೆ ನನ್ನ ಬಾಮೈದ, ಜೋಡಿ ನಾಗಸ್ವರ, ನಾನು ಡೋಲು. ನಮ್ಮ ಮನೆಯವರಲ್ಲದವರು ಇಬ್ಬರು. ಕಂಚಿನ ತಾಳ ಹಿಡಿಯುವ ತಾಳದಣ್ಣ, ಶ್ರುತಿಪೆಟ್ಟಿಗೆ ಒತ್ತುವ ಶ್ರುತಿ ತಾತ. ಐದು ಜನ, ಏಳು ಪಾಲು.

ಆ ಏಳು ಪಾಲಿನ ಲೆಕ್ಕ ಮಾವನ ಅಪ್ಪನ ಕಾಲದ್ದು. ಮದುವೆ ಮುಗಿದು ಊಟ ಆದಮೇಲೆ ಹೆಣ್ಣಿನ ಕಡೆಯವರು ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ದುಡ್ಡಿಟ್ಟು ಕೊಡುತ್ತಿದ್ದರು. ಯಜಮಾನ ಅಲ್ಲೇ ಚಾಪೆ ಮೇಲೆ ಏಳು ವೀಳ್ಯದೆಲೆ ಸಾಲಾಗಿ ಹಾಸಿ, ಊಟಕ್ಕೆ ಬಡಿಸುವ ಹಾಗೆ ಒಂದೊಂದು ಎಲೆಗೆ ಒಂದೊಂದು ನೋಟು ಹಾಕುತ್ತಾ ಸುತ್ತು ಬರುತ್ತಿದ್ದರು. ಎರಡು ಎಲೆ ಯಜಮಾನನಿಗೆ. ಬಾಮೈದನಿಗೆ ಒಂದು, ನನಗೆ ಒಂದು, ನಮ್ಮಿಬ್ಬರ ನಡುವಿನ ಎಲೆ ಅರ್ಧರ್ಧ. ತಾಳಕ್ಕೊಂದು, ಶ್ರುತಿಗೊಂದು. ಏಳು ಸಾವಿರ ಬಂದರೆ ಎಲೆಗೆ ಸಾವಿರ. ಯಾರಾದರೂ ಖುಷಿಯಾಗಿ ಇನ್ನಷ್ಟು ಕೊಟ್ಟರೆ ಎಲ್ಲ ಎಲೆಯೂ ದಪ್ಪಗಾಗುತ್ತಿತ್ತು, ಯಾರಾದರೂ ಕೈ ಬಿಗಿ ಹಿಡಿದರೆ ಎಲ್ಲ ಎಲೆಯೂ ತೆಳ್ಳಗಾಗುತ್ತಿತ್ತು. ಎಲೆಗೆ ಬಿದ್ದ ದುಡ್ಡನ್ನು ಆ ಎಲೆಯವನು ಬಿಟ್ಟು ಇನ್ನೊಬ್ಬ ಮುಟ್ಟಬಾರದು.

ಹೈವೇ ಹಾಲಿನ ಮೊದಲ ಮದುವೆಗೆ ಮಾವ ನಿಜವಾಗಿಯೂ ಖರ್ಚು ಮಾಡಿದರು. ಐದು ಜನಕ್ಕೂ ಒಂದೇ ಬಣ್ಣದ ರೇಷ್ಮೆ ಪಂಚೆ ಶಲ್ಯ ಬೇಕು ಅಂತ ಮೇಡಂ ಹೇಳಿದ್ದರು, ತಂದರು. ಬಸ್ಸಿನಲ್ಲಿ ಡೋಲು ತೊಡೆ ಮೇಲಿಟ್ಟುಕೊಂಡು ಹೋದರೆ ಆಗುವುದಿಲ್ಲ ಅಂತ ಒಂದು ಹಳೇ ವ್ಯಾನು ತೆಗೆದರು. ಎದೆಗೆ ಸಿಕ್ಕಿಸುವ ಮೈಕು ತಂದರು. ಮದುವೆ ಮುಗಿದ ಮೇಲೆ ತಟ್ಟೆ ಬರಲಿಲ್ಲ. ಮಾವನ ಜೇಬಿನಲ್ಲಿ ಫೋನು ಟಿಂಗ್ ಅಂದಿತು, ಅಷ್ಟೇ. ವ್ಯಾನಿನಲ್ಲಿ ಕೂತ ಮೇಲೆ ತಾಳದಣ್ಣನಿಗೂ ತಾತನಿಗೂ ಸಾವಿರ ಸಾವಿರ, ನನಗೂ ಬಾಮೈದನಿಗೂ ಒಂದೂವರೆ ಕೊಟ್ಟರು. "ಹಾಕಿರೋ ದುಡ್ಡು ತೀರ್ಲಿ ಕಣ್ರೋ, ಆಮೇಲೆ ನೋಡೋಣ" ಎಂದರು. ನ್ಯಾಯವಾಗಿಯೇ ಇತ್ತು, ಎಲ್ಲರೂ ಹೂಂ ಅಂದೆವು.

ಇಂಥ ಮದುವೆಗಳ ಕೆಲಸವೇ ಬೇರೆ. ಮೊದಲೆಲ್ಲ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರೆ ನಾವು ಇದ್ದ ರಾಗ ಅಲ್ಲೇ ಬಿಟ್ಟು, ತಾಳಿ ಬೀಳುವವರೆಗೆ ಮಂಟಪ ಅದುರುವ ಹಾಗೆ ಬಾರಿಸಿದರೆ ಮುಗಿಯಿತು. ಈಗ ಪುರೋಹಿತರ ಹಿಂದೆ ಕ್ಯಾಮೆರಾದವರು ನಿಂತಿರುತ್ತಾರೆ. ತಾಳಿ ಕಟ್ಟುವಾಗ ಹುಡುಗನ ಮೊಣಕೈ ಅಡ್ಡ ಬಂತು ಅಂತ "ಸರ್, ಒನ್ ಮೋರ್" ಅನ್ನುತ್ತಾರೆ. ಕಟ್ಟಿದ ತಾಳಿ ಬಿಚ್ಚುವಂತಿಲ್ಲ, ಆದ್ದರಿಂದ ಹುಡುಗ ಸುಮ್ಮನೆ ಕೈ ಹಿಡಿದುಕೊಂಡು ಕಟ್ಟುವ ಹಾಗೆ ನಟಿಸುತ್ತಾನೆ, ನಾವು ಮತ್ತೆ ಗಟ್ಟಿಮೇಳ ಬಾರಿಸುತ್ತೇವೆ. ಒಂದು ಮದುವೆಯಲ್ಲಿ ಹೀಗೆ ನಾಲ್ಕು ಸಲ ಆಯಿತು. "ನಾಲ್ಕು ಮದುವೆ ದುಡ್ಡು ಕೇಳು ಮಾವ" ಎಂದೆ. ಮಾವ ನಗಲಿಲ್ಲ, ಯೋಚನೆ ಮಾಡುತ್ತಿದ್ದರು.

ಮಾಘದಲ್ಲಿ ದರ ಇಪ್ಪತ್ತಾಯಿತು, ಫಾಲ್ಗುಣದಲ್ಲಿ ಇಪ್ಪತ್ತೈದು. ಯಾರೋ ಮದುಮಗಳು ಮಾವನ ಜೊತೆ ರೀಲ್ಸ್ ಮಾಡಿ ಹಾಕಿದ ಮೇಲೆ ಬೆಂಗಳೂರಿನಿಂದಲೂ ಫೋನು ಬರತೊಡಗಿತು. ವ್ಯಾನಿನ ಸಾಲ ತೀರಿತು ಅಂತ ನನ್ನ ಹೆಂಡತಿಯೇ ಹೇಳಿದಳು, ಅವಳ ತಾಯಿ ಅದಕ್ಕೆ ಕುರುಡುಮಲೆಗೆ ಹೋಗಿ ಗಣಪತಿಗೆ ಪೂಜೆ ಮಾಡಿಸಿ ಬಂದಿದ್ದಳಂತೆ. ಪ್ರಸಾದ ನಮ್ಮ ಮನೆಗೂ ಬಂತು. ಆ ವಾರದಿಂದ ಮಾವ ನನಗೂ ಬಾಮೈದನಿಗೂ ಎರಡೂವರೆ ಸಾವಿರ ಕೊಡತೊಡಗಿದರು. ತಾಳದಣ್ಣನಿಗೂ ತಾತನಿಗೂ ಅದೇ ಸಾವಿರ. ಮೇಳದ ದುಡಿಮೆ ಬೆಳೆದು ಬೆಳೆದು ಒಂದೇ ಮನೆಯ ಅಟ್ಟ ಸೇರುತ್ತಿತ್ತು, ಅದರಲ್ಲಿ ಒಂದು ಹಿಡಿ ಅಳಿಯನ ಮನೆಗೂ ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಗಿಯೇ ಇತ್ತು.

ಆಮೇಲೆ ತಾತನ ಸರದಿ ಬಂತು. ಶ್ರುತಿಗೆ ಈಗ ಫೋನಿನಲ್ಲೇ ಆಪ್ ಬಂದಿದೆ, ಒತ್ತಿಟ್ಟರೆ ದಿನವಿಡೀ ಗುಂಯ್ ಅನ್ನುತ್ತಿರುತ್ತದೆ. "ನಿಂಗೂ ವಯಸ್ಸಾಯ್ತು, ನಿದ್ದೆಗೆಟ್ಟು ಯಾಕೆ ಒದ್ದಾಡ್ತೀಯಾ" ಎಂದು ಮಾವ ಬಹಳ ಪ್ರೀತಿಯಿಂದಲೇ ಹೇಳಿದರು. ತಾತ ಶ್ರುತಿಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಮಾವನ ಮನೆ ಬಾಗಿಲಲ್ಲಿಟ್ಟು, ಒಂದು ಲೋಟ ಕಾಫಿ ಕುಡಿದು ಹೋದರು. ಮಾವಿನ ಕಾಲ ಶುರುವಾದ ಮೇಲೆ ಶ್ರೀನಿವಾಸಪುರದ ಮಂಡಿಯೊಂದರಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಸೇರಿದರು ಎಂದು ತಿಳಿಯಿತು.

ಫೋನಿನ ಶ್ರುತಿ ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಮಾಲೂರಿನ ಒಂದು ಚೌಲ್ಟ್ರಿಯಲ್ಲಿ, ಇಟ್ಟಿಗೆ ಗೂಡಿನವರ ಮನೆ ಮದುವೆಯಲ್ಲಿ, ಅದು ಕೈ ಕೊಟ್ಟಿತು. ಮಾವ ಫೋನಿಗೆ ವೈರು ಸಿಕ್ಕಿಸಿ ದೊಡ್ಡ ಸ್ಪೀಕರಿಗೆ ಕೊಟ್ಟಿದ್ದರು. ಗದ್ದಲದಲ್ಲೂ ಕೇಳಲಿ ಅಂತ ಅವರ ರಿಂಗ್‌ಟೋನು ಕೋಳಿ ಕೂಗು. ಹುಡುಗ ತಾಳಿ ಎತ್ತಿ ಹಿಡಿದ, ಪುರೋಹಿತರು ಕೈ ಎತ್ತಿದರು, ನಾವು ಗಟ್ಟಿಮೇಳಕ್ಕೆ ಏರಿದೆವು. ಅದೇ ಹೊತ್ತಿಗೆ ಇಡೀ ಚೌಲ್ಟ್ರಿ ನಡುಗುವ ಹಾಗೆ "ಕೊಕ್ಕೊಕ್ಕೋ" ಎಂದು ಹುಂಜ ಕೂಗಿತು. ಒಂದಲ್ಲ, ಮೂರು ಸಲ. ಅಡುಗೆಯವರು ಹೊರಗೆ ಓಡಿಬಂದರು. ಮದುಮಗಳು ತಲೆ ಬಗ್ಗಿಸಿ ಗಡಗಡ ನಗುತ್ತಿದ್ದಳು. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ಒಳ್ಳೇ ಶಕುನ ಕಣಮ್ಮ, ಬೆಳಕಾದಂಗೆ" ಎಂದು ಮಾನ ಉಳಿಸಿದಳು. ಫೋನ್ ಮಾಡಿದ್ದು ಯಾರು ಅಂತ ಆಮೇಲೆ ನೋಡಿದರೆ ಇನ್ನೊಂದು ಮದುವೆ ಮನೆಯವರು, ದರ ಕೇಳೋಕೆ.

ತಾತ ವಾಪಸ್ ಬರುತ್ತಾರೆ ಅಂತ ನಾನು ಲೆಕ್ಕ ಹಾಕಿದ್ದೆ. ಮಾವ ಮಾರನೇ ದಿನವೇ ಸಿಮ್ ಇಲ್ಲದ ಹಳೇ ಫೋನೊಂದನ್ನು ತಂದು ಅದರಲ್ಲಿ ಆಪ್ ಹಾಕಿಸಿದರು. ಕೋಳಿಯ ತೊಂದರೆ ತೀರಿತು.

ಆ ಮಾಲೂರಿನ ದಾರಿಯಲ್ಲಿ ಟೀಗೆ ನಿಂತಾಗಲೇ ತಾಳದಣ್ಣ ನನ್ನನ್ನು ಪಕ್ಕಕ್ಕೆ ಕರೆದಿದ್ದ.

"ಈ ಆಷಾಢಕ್ಕೆ ಮೇಳ ಬಿಡ್ತೀನಿ ಕಣೋ. ಮಾಲೂರು ಫ್ಯಾಕ್ಟ್ರೀಲಿ ಸೆಕ್ಯೂರಿಟಿಗೆ ಕರೀತಾ ಅವ್ರೆ. ತಿಂಗಳ ಸಂಬ್ಳ, ಒಂದೊತ್ತು ಊಟ."

"ಯಾಕಣ್ಣ? ಮಾವ ಏನಾದ್ರೂ ಅಂದ್ರಾ?"

"ಏನೂ ಅಂದಿಲ್ಲ. ಒಂದ್ರೂಪಾಯಿನೂ ಕಡಿಮೆ ಕೊಟ್ಟಿಲ್ಲ. ಕಡಿಮೆ ಕೊಟ್ಟಿದ್ರೆ ಜಗಳ ಆಡ್ಬೋದಿತ್ತು." ಟೀ ಊದಿ ಊದಿ ಕುಡಿದ. "ಅಲ್ಲ ಕಣೋ, ಏಳು ಇದ್ದಾಗ್ಲೂ ಸಾವ್ರ, ಇಪ್ಪತ್ತೈದು ಆದಾಗ್ಲೂ ಸಾವ್ರ. ಮೇಳ ಚೆನ್ನಾಗಾದ್ರೆ ನಂಗೇನು, ಕೆಟ್ಟರೆ ನಂಗೇನು, ಹೇಳು? ಮೊದ್ಲೆಲ್ಲ ಮದುವೆ ಮನೆಯೋರು ಶಭಾಷ್ ಅಂದ್ರೆ ನಂಗೂ ಅಂದಂಗಾಗ್ತಿತ್ತು. ಈಗ ನಿಮ್ಮನೆಯೋರಿಗೆ ಅಂದಂಗಾಗ್ತದೆ."

ನಾನು ಡೋಲು ಕಲಿಯುವಾಗ ಎದುರಿಗೆ ಕೂತು ತಾಳ ಹಾಕಿದವನು ಈತ. ನಾನು ಎಲ್ಲೋ ಹಾರಿಹೋಗಿ ದಾರಿ ತಪ್ಪಿದರೆ ಕಣ್ಣಿನಲ್ಲೇ ವಾಪಸ್ ಕರೆಯುವವನು. ಇವನಿಲ್ಲದೆ ಗಟ್ಟಿಮೇಳಕ್ಕೆ ಏರುವುದು ಹೇಗೆ ಅಂತಲೇ ಗೊತ್ತಿರಲಿಲ್ಲ. ಆಷಾಢದಲ್ಲಿ ಮದುವೆ ಇರುವುದಿಲ್ಲ. ಅದಕ್ಕೆ ಮುಂಚೆ ಉಳಿದಿದ್ದು ನಾಲ್ಕೈದು ಮುಹೂರ್ತ. ಅಷ್ಟರೊಳಗೆ ಏನಾದರೂ ಆಗದಿದ್ದರೆ ತಾಳದಣ್ಣ ಗೇಟಿನಲ್ಲಿ ಸೆಲ್ಯೂಟ್ ಹೊಡೆಯುತ್ತಾ ನಿಲ್ಲುತ್ತಾನೆ.

ಮಾರನೇ ದಿನವೇ ಮಾವನ ಹತ್ತಿರ ಹೋದೆ. ಮಾವ ಹಿತ್ತಲಿನಲ್ಲಿ ಕೂತು ನಾಗಸ್ವರದ ತುದಿಗೆ ಸಿಕ್ಕಿಸುವ ಸೀವಾಳಿಗಳನ್ನು ಬಿಸಿಲಿಗೆ ಹಿಡಿದು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದರು. ವಿಷಯ ಹೇಳಿದೆ.

"ನಾನೇನಾದ್ರೂ ಯಾರ ಹೊಟ್ಟೆಗಾದ್ರೂ ಹೊಡ್ದಿದೀನಾ?" ಎಂದರು.

"ಇಲ್ಲ ಮಾವ."

"ಫೋನ್ ಬರೋದು ಯಾರಿಗೆ? ರೀಲ್ಸಲ್ಲಿ ಇರೋದು ಯಾರ ಮುಖ? ವ್ಯಾನ್ ಕೆಟ್ರೆ ಯಾರ ತಲೆನೋವು? ತಾಳ ಹಾಕೋನು ಹೈವೇ ಹಾಲಿಂದ ಒಂದಾದ್ರೂ ಮದುವೆ ತಂದವ್ನಾ?"

ಎಲ್ಲವೂ ನಿಜ. ಅಷ್ಟರಲ್ಲಿ ಮಾವ ಸೀವಾಳಿ ಕೆಳಗಿಟ್ಟು ದನಿ ತಗ್ಗಿಸಿದರು. "ನೋಡು, ಶ್ರಾವಣದಿಂದ ನೀನು ನಾನು ಪಾರ್ಟ್ನರು. ಖರ್ಚು ಕಳ್ದು ಉಳಿದಿದ್ದು ನಿಂಗಿಷ್ಟು ನಂಗಿಷ್ಟು. ನಿನ್ನ ಬಾಮೈದಂಗೆ ನಾನು ನೋಡ್ಕೊಳ್ತೀನಿ. ತಾಳಕ್ಕೂ ಆಪ್ ಐತಂತೆ. ಅವ್ನು ಹೋದ್ರೆ ಹೋಗ್ಲಿ ಬಿಡು."

ತಾಳದಣ್ಣನಿಗಾಗಿ ಜಗಳಕ್ಕೆ ಹೋದವನು ಪಾರ್ಟ್ನರಾಗಿ ವಾಪಸ್ ಬಂದೆ. ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನಸ್ಸಿನಲ್ಲೇ ಒಂದು ಬೈಕು ಕೊಂಡೆ, ಬಣ್ಣ ಸರಿಯಾಗಲಿಲ್ಲ ಅಂತ ಬದಲಾಯಿಸಿದೆ. ಹೆಂಡತಿಗೆ ಹೇಳಿದಾಗ ಅವಳು ಕಾಳು ಸೋಸುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಅಪ್ಪ ನಿಂಗೆ ಕೊಟ್ರೆ ನಂಗೆ ಖುಷೀನೇ ಬಾವ. ಆದ್ರೆ ಮುಂದಿನ್ ವರ್ಷ ಡೋಲಿಗೂ ಆಪ್ ಬಂದ್ರೆ?"

"ಅಳಿಯನ್ನ ತೆಗೀತಾರೇನೇ?"

"ಅಪ್ಪನ್ನ ಕಂಡಿದೀನಿ ನಾನು. ಬಾಳ ಪ್ರೀತಿಯಿಂದ ತೆಗೀತಾರೆ" ಎಂದು ನಕ್ಕಳು. ನಾನೂ ನಕ್ಕೆ, ಆದರೆ ಆ ಬೈಕು ಮಾತ್ರ ಸ್ಟಾರ್ಟೇ ಆಗಲಿಲ್ಲ.

ತಾಳದ ಆಪ್ ನೋಡುವ ಅವಕಾಶ ಬೇಗನೆ ಬಂತು. ಕೋಲಾರದ ಹಾಲಿನಲ್ಲಿ ಮದುವೆ ಇದ್ದ ದಿನವೇ ಫ್ಯಾಕ್ಟರಿಯವರು ತಾಳದಣ್ಣನನ್ನು ನೋಡೋಕೆ ಕರೆದಿದ್ದರು. ಮಾವ ಖುಷಿಯಾಗಿ ಕಳಿಸಿಕೊಟ್ಟರು. ಬೆಳಿಗ್ಗೆ ನಾನು ಸ್ಪ್ಯಾನರ್ ಹಿಡಿದು ಡೋಲಿನ ಬೋಲ್ಟುಗಳನ್ನು ಬಿಗಿದು, ಚರ್ಮ ಕಿಣಿ ಅನ್ನುವವರೆಗೆ ತಟ್ಟಿ ನೋಡಿ, ಬೆರಳಿನ ಟೋಪಿ ಹಾಕಿಕೊಂಡು ಕೂತೆ. ಮಾವ ಫೋನು ಒತ್ತಿದರು. ಟಕ್, ಟಕ್, ಟಕ್. ಕರಾರುವಾಕ್ಕು. ಕೀರ್ತನೆಗಳಿಗೆ ಏನೂ ತೊಂದರೆ ಇರಲಿಲ್ಲ. ಒಂದು ಗಂಟೆ ಹೊತ್ತು, ಮಾವ ಹೇಳಿದ್ದು ಸರಿಯೇ ಇರಬೇಕು ಅಂದುಕೊಂಡೆ.

ಮುಹೂರ್ತದ ಹೊತ್ತಿಗೆ ಪುರೋಹಿತರು ಅರ್ಧ ಕೈ ಎತ್ತಿದರು. ಯಾರೋ ಅಕ್ಷತೆ ಇನ್ನೂ ಹಂಚಿಲ್ಲ ಅಂದರು, ಕೈ ಇಳಿಸಿದರು. ತಾಳದಣ್ಣನಾಗಿದ್ದರೆ ಆ ಅರ್ಧ ಕೈ ನೋಡಿ ತಾಳ ಸ್ವಲ್ಪ ಹಿಡಿದು, ನನ್ನ ಕಡೆ ಹುಬ್ಬು ಹಾರಿಸುತ್ತಿದ್ದ, ನಾನು ಎರಡು ಸುತ್ತು ಏನೋ ಉಪ್ಪು ಖಾರ ಹಾಕಿ ಕಾಯುತ್ತಿದ್ದೆ. ಫೋನು ಯಾರಿಗೂ ಕಾಯಲಿಲ್ಲ, ಟಕ್ ಟಕ್ ಅಂತ ತನ್ನ ಪಾಡಿಗೆ ಹೋಯಿತು. ಮತ್ತೆ ಕೈ ಮೇಲೆದ್ದಾಗ ಮಾವ ಒಂದು ಕಡೆ, ನಾನು ಇನ್ನೊಂದು ಕಡೆ, ಬಾಮೈದ ಯಾರನ್ನು ಹಿಡಿಯಲಿ ಅಂತ ಇಬ್ಬರ ಮುಖ ನೋಡುತ್ತಾ ನಡುವೆ. ಗದ್ದಲದಲ್ಲಿ ಜನಕ್ಕೆ ತಿಳಿಯಲಿಲ್ಲ, ಗಟ್ಟಿಮೇಳದಲ್ಲಿ ಶಬ್ದ ಇದ್ದರೆ ಸಾಕು ಅವರಿಗೆ. ನಮಗೆ ತಿಳಿಯಿತು. ಎಲ್ಲ ನಿಂತ ಮೇಲೂ ಫೋನು ಟಕ್ ಟಕ್ ಅನ್ನುತ್ತಲೇ ಇತ್ತು, ಪುರೋಹಿತರು ಹಲ್ಲಿಯೇನೋ ಅಂತ ಮೇಲೆ ನೋಡಿದರು.

ಅವತ್ತು ವ್ಯಾನಿನಲ್ಲೇ ಮಾವನಿಗೆ ಹೇಳಿಬಿಟ್ಟೆ. "ಪಾರ್ಟ್ನರು ಬೇಡ ಮಾವ. ಮತ್ತೆ ಎಲೆ ಹಾಕಿ. ದುಡ್ಡು ಏರಿದ್ರೆ ಎಲ್ರಿಗೂ ಏರ್ಲಿ." ಇದನ್ನು ದೊಡ್ಡ ತ್ಯಾಗ ಅಂತ ಯಾರೂ ತಿಳಿಯಬಾರದು. ನನ್ನ ಡೋಲು ಉಳಿಯಬೇಕಾದರೆ ಆ ತಾಳ ಬೇಕಿತ್ತು, ತಾಳ ಉಳಿಯಬೇಕಾದರೆ ಅವನಿಗೆ ಪಾಲು ಬೇಕಿತ್ತು. ಬಾಮೈದ ಕಿಟಕಿ ಆಚೆ ನೋಡುತ್ತಾ, "ಬಾವ ಹೇಳೋದ್ರಲ್ಲಿ ಏನೋ ಐತೆ ಅಪ್ಪಾ" ಎಂದು ಗೊಣಗಿದ, ಅಷ್ಟೇ ಅವನ ಧೈರ್ಯ. ಮಾವ ಗೇರು ಬದಲಾಯಿಸಿದರು. "ಆಷಾಢದಲ್ಲಿ ಕೂತು ಮಾತಾಡೋಣ" ಎಂದರು. ಆಷಾಢದ ಹೊತ್ತಿಗೆ ತಾಳದಣ್ಣ ಹೋಗಿರುತ್ತಾನೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಉಳಿದಿದ್ದು ಒಂದೇ ದೊಡ್ಡ ಮದುವೆ. ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹುಕಾರರೊಬ್ಬರ ಮಗಳದು, ಎರಡು ದಿನಕ್ಕೆ ಮೂವತ್ತೈದು ಸಾವಿರ. ವಾಲಗ ಯಾವ ಹೊತ್ತಿಗೆ ಶುರುವಾಗಬೇಕು ಅಂತ ಕೇಳಿಕೊಂಡು ಬರೋಕೆ ಮಾವ ನನ್ನನ್ನು ಕಳಿಸಿದರು. ಮಂಡಿಯಲ್ಲಿ ತೋತಾಪುರಿ ಗುಡ್ಡೆಗಳ ನಡುವೆ ಸಾಹುಕಾರರು ಒಂದು ಕುರ್ಚಿ ಹಾಕಿಕೊಂಡು, ಒಂದು ಕಡೆ ತೆಲುಗಿನಲ್ಲಿ ಬೈಯುತ್ತಾ ಇನ್ನೊಂದು ಕಡೆ ಕನ್ನಡದಲ್ಲಿ ಮಾತಾಡುತ್ತಾ ಇದ್ದರು. ಹೊತ್ತೆಲ್ಲ ಕೇಳಿಕೊಂಡ ಮೇಲೆ ಮೆಲ್ಲಗೆ ಹೇಳಿದೆ. "ಸಾಮಿ, ಒಂದು ಮಾತು. ದುಡ್ಡು ಫೋನಿಗೆ ಹಾಕ್ಬೇಡಿ. ಹಳೇ ಕಾಲದ ಹಂಗೆ ತಟ್ಟೇಲಿ, ಎಲ್ಲರ ಮುಂದೆ ಕೊಡಿ."

"ಎಂದುಕು?" ಎಂದರು, ಯಾಕೆ ಅಂತ.

"ನೋಡೋಕೆ ಚಂದ ಸಾಮಿ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಹಮಾಲಿಗಳ ಜೊತೆ ಜೀವನ ಕಳೆದವರು, ಏನು ಅರ್ಥವಾಯಿತೋ. "ಅಟ್ಲೇ ಇಸ್ತಾಂಲೇ ನಾಯನಾ, ಹಂಗೇ ಕೊಡೋಣ" ಎಂದು ಒಂದು ಕಾಯಿ ಕೈಗಿಟ್ಟು ಕಳಿಸಿದರು. ನನ್ನ ಉಪಾಯ ಅಷ್ಟೇ ಇತ್ತು. ಒಟ್ಟು ದುಡ್ಡು ಒಂದು ಸಲ ಎಲ್ಲರ ಕಣ್ಣಿಗೆ ಬಿದ್ದರೆ, ಮಾವ ನಮ್ಮೆದುರಿಗೆ ತಾಳದಣ್ಣನಿಗೆ ಸಾವಿರ ಎತ್ತಿಕೊಡಲು ಸ್ವಲ್ಪ ನಾಚಿಕೆ ಪಡುತ್ತಾರೆ, ಮಾತಿಗೆ ದಾರಿಯಾಗುತ್ತದೆ.

ಮದುವೆ ಬಹಳ ಚೆನ್ನಾಗಿ ನಡೆಯಿತು. ತಾಳದಣ್ಣ ಬಂದಿದ್ದ, ಇದೇ ಕೊನೆ ಅಂತ ತಿಳಿದು ಬಂದಿದ್ದ. ಹಾಗಾಗಿಯೋ ಏನೋ ಅವತ್ತು ಅವನ ತಾಳದಲ್ಲಿ ಬಹಳ ಹುಮ್ಮಸ್ಸಿತ್ತು. ಪುರೋಹಿತರ ಕೈ ಎರಡು ಸಲ ಎದ್ದು ಇಳಿಯಿತು, ಎರಡು ಸಲವೂ ಅವನು ನನ್ನನ್ನು ಗಾಳದಲ್ಲಿ ಹಿಡಿದ ಮೀನಿನ ಹಾಗೆ ಸಡಿಲ ಬಿಟ್ಟು ಎಳೆದುಕೊಂಡ. ಮೂರನೇ ಸಲ ಏರಿದೆವು ನೋಡಿ, ನಾಲ್ಕು ಜನ ಒಂದೇ ಉಸಿರಿನಲ್ಲಿ. ನನಗೆ ಕಣ್ಣಲ್ಲಿ ನೀರು ಬಂತು, ಬೆರಳಿಗೆ ಟೋಪಿ ಇದ್ದದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಊಟವಾಯಿತು. ಸಾಹುಕಾರರು ಹೆಂಡತಿಯೊಡನೆ ಬಂದು, ಚಾಪೆ ಹಾಸಿಸಿ, ನಮ್ಮನ್ನೆಲ್ಲ ಕೂರಿಸಿ ತಟ್ಟೆ ಇಟ್ಟರು. ಎಲೆ, ಅಡಿಕೆ, ಅಡ್ಡಡ್ಡಲಾಗಿ ಎರಡು ಮಾವಿನ ಹಣ್ಣು, ಐನೂರರ ನೋಟಿನ ಕಟ್ಟು. ಮಾವ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸಾಹುಕಾರರು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ತಮ್ಮ ಮದುವೆಯಲ್ಲಿ ಮಾವನ ಅಪ್ಪನೇ ಊದಿದ್ದು ಅಂತ ಶುರು ಮಾಡಿದರು. ಅದು ನನಗೆ ಗೊತ್ತಿರಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ. "ಹೌದಾ ಸಾಮಿ? ಯಾವ ಚತ್ರದಾಗೆ?" ಎಂದು ಮಾವನ ಕಣ್ಣು ಅರಳಿತು. ಇಬ್ಬರೂ ಹಳೇ ಕಥೆಗೆ ಇಳಿದರು. ಬೆಳಗಿನ ಜಾವದವರೆಗೆ ಮಾವನ ಅಪ್ಪ ಊದಿದ್ದು, ಗಂಡಿನ ಕಡೆಯವರು ಮಲಗಲು ಬಿಡಿ ಅಂತ ಕೈ ಮುಗಿದದ್ದು.

ಮಾವನ ಬಾಯಿ ಸಾಹುಕಾರರ ಕಡೆಗಿತ್ತು. ಕೈ ತಟ್ಟೆಯಲ್ಲಿತ್ತು. ಕೈ ಒಂದೊಂದೇ ಎಲೆ ತೆಗೆದು ತೊಟ್ಟು ಮುರಿದು ಚಾಪೆ ಮೇಲೆ ಸಾಲಾಗಿ ಹಾಸಿತು. ಏಳು. ಕಟ್ಟು ಬಿಚ್ಚಿತು, ಒಂದು ಎಲೆಗೆ ಒಂದು ನೋಟು, ಒಂದು ಸುತ್ತು. ಇನ್ನೊಂದು ಸುತ್ತು. ಬಾಮೈದ ನನ್ನ ತೊಡೆ ಚಿವುಟಿದ. ತಾಳದಣ್ಣ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಎಷ್ಟೋ ವರ್ಷ ಅದೇ ಕೆಲಸ ಮಾಡಿದ ಕೈ, ಯಜಮಾನನನ್ನು ಒಂದು ಮಾತೂ ಕೇಳದೆ ಹಂಚುತ್ತಲೇ ಹೋಯಿತು. ಕಡೆಯ ನೋಟು ಕಡೆಯ ಎಲೆಗೆ ಬಿದ್ದ ಮೇಲೆ ಕೈಗೆ ಏನೂ ಸಿಗದೆ ತಟ್ಟೆ ತಡವಿತು. ಆಗ ಮಾವ ಕೆಳಗೆ ನೋಡಿದರು.

ಎಲೆಗೆ ಐದು ಸಾವಿರ. ಮಾವನ ಮುಖ ಕೆಂಪಾಯಿತು, ನನ್ನ ಕಡೆ ಒಂದು ಸಲ ನೋಡಿದರು, ಆ ನೋಟಕ್ಕೆ ನಾನು ಮದುವೆ ಮಂಟಪದ ಹೂವು ಎಣಿಸತೊಡಗಿದೆ. ಕೈ ಮುಂದೆ ಬಂತು. ಅಂಚಿನ ಎಲೆಯ ಮೇಲೆ ಬಂದು ನಿಂತಿತು. ಅದು ಶ್ರುತಿಯ ಎಲೆ. ಅದರ ಎದುರಿಗೆ ಯಾರೂ ಕೂತಿರಲಿಲ್ಲ.

ಸುಮಾರು ಹೊತ್ತು ಮಾವ ಆ ಎಲೆಯನ್ನೇ ನೋಡಿದರು. ಅವರ ಅಪ್ಪನ ಕಾಲದಿಂದ ಶ್ರುತಿ ಒತ್ತಿದ ಮುದುಕನದು. ಮಾವ ನಾಗಸ್ವರ ಕಲಿಯುವಾಗಲೂ ಆ ತಾತನೇ ಶ್ರುತಿ. ಕೈ ವಾಪಸ್ ಬಂತು, ಎಲೆ ಮುಟ್ಟಲಿಲ್ಲ.

"ನಮ್ಮ ತಾತ ಇಲ್ಲೇ ಯಾವ್ದೋ ಮಂಡೀಲಿ ಅವ್ನಂತೆ ಸಾಮಿ" ಎಂದರು. "ಯಾರನ್ನಾದ್ರೂ ಕಳ್ಸಿ ಕರೆಸ್ತೀರಾ?"

ಸಾಹುಕಾರರು ಬೈಕಿನಲ್ಲಿ ಆಳು ಓಡಿಸಿದರು. ಅಷ್ಟು ಹೊತ್ತೂ ಎಲೆಗಳು ಹಾಗೇ ಇದ್ದವು, ಯಾರೂ ತಮ್ಮದನ್ನು ಎತ್ತಲಿಲ್ಲ. ಮಾವ ಮಾತ್ರ ಚೇತರಿಸಿಕೊಂಡರು. "ವ್ಯಾನಿಗೂ ಒಂದೆಲೆ ಬೇಕು ಕಣ್ರೋ. ಇನ್ಮೇಲೆ ಎಂಟು. ಟೈರು ನೀವ್ ಹಾಕಿಸ್ತೀರಾ?" ಎಂದರು.

"ನ್ಯಾಯ" ಎಂದ ತಾಳದಣ್ಣ. ಅವತ್ತಿನ ಅವನ ಮೊದಲ ಮಾತು ಅದು.

ತಾತ ಬಂದರು. ಮಾವಿನ ಸೊನೆ ಹತ್ತಿ ಕಪ್ಪಾದ ಕೈ, ಮಂಡಿಯ ಧೂಳು. ರೇಷ್ಮೆ ಪಂಚೆಗಳ ನಡುವೆ ಕೂರಲು ಹಿಂದೆ ಮುಂದೆ ನೋಡಿದರು. ಎಲೆ ನೋಡಿ, "ನಾನು ಬರ್ಲೇ ಇಲ್ವಲ್ಲಪ್ಪಾ ಮದುವೆಗೆ" ಎಂದರು.

"ಎಲೆಗೆ ಬಿದ್ದೋಗೈತೆ. ನಾನು ಎತ್ತೋಕಾಗ್ತದಾ? ತಗೋ" ಎಂದು ಮಾವ ಗದರಿಸಿದರು. ಆಮೇಲೆ ತಲೆ ಬಗ್ಗಿಸಿ ಅಡಿಕೆ ಆರಿಸುತ್ತಾ, "ಶ್ರಾವಣದಾಗೆ ಮೊದಲ್ನೇ ಮುಹೂರ್ತ ಮಾಲೂರಾಗೆ. ಪೆಟ್ಟಿಗೆ ನಮ್ಮನೇಲೇ ಐತೆ, ಗಾಳಿ ಹೊಡೆದು ನೋಡು ಬಾ" ಎಂದರು. ತಾತ ನೋಟು ಎಣಿಸಲಿಲ್ಲ. ಎಲೆಸಮೇತ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲೇ ತಾಳದಣ್ಣನ ಪಕ್ಕ ಕೂತರು.

ತಾಳದಣ್ಣ ತನ್ನ ಎಲೆ ಎತ್ತಿಕೊಳ್ಳಲಿಲ್ಲ. ಮೊದಲು ಜೇಬಿನಿಂದ ಫೋನು ತೆಗೆದ. ನಮಗೆಲ್ಲ ಬೆನ್ನು ಮಾಡಿ, ಆದರೆ ನಮಗೆಲ್ಲ ಕೇಳುವ ಹಾಗೆ, ಯಾರೋ ಟೈಲರ್ ಹತ್ತಿರ ಮಾತಾಡಿದ.

"ಅಣ್ಣೋ, ಖಾಕಿ ಬಟ್ಟೆ ಕೊಟ್ಟಿದ್ನಲ್ಲ, ಕತ್ತರಿ ಹಾಕ್ಬಿಟ್ಯಾ?"

ಮಾವ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಹಾಕಿಲ್ವಾ? ಹಾಕ್ಬೇಡ. ಹಂಗೇ ಮಡಚಿಡು, ಬಂದು ಇಸ್ಕೊಳ್ತೀನಿ" ಎಂದು ಫೋನ್ ಇಟ್ಟು ತಾಳದಣ್ಣ ನಮ್ಮ ಕಡೆ ತಿರುಗಿದ, ಬಗ್ಗಿ ತನ್ನ ಎಲೆ ಎತ್ತಿಕೊಂಡ.